ಕಡಲ ಹೂವನ್ನು ಮನೆಗೆ ತರುವ ಮುನ್ನ

ಕಡಲಿಲ್ಲದ ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲೂ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಸೀ ಅನಿಮೋನ್ ಎಂಬ ಕಡಲ ಹೂವನ್ನು ಸಾಕುವ ಆಸೆ ಕೆಲವರಿಗಿದೆ. ಹೆಸರಿಗೆ ಹೂವಾದರೂ ಅದು ಪ್ರಾಣಿ. ಆಸೆಯ ಜೊತೆಗೆ ಹೊಣೆಯೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಸಿರುವಾಣಿಯ ಸಿಹಿನೀರು ನಮಗೆ ಅಮೃತ. ಅದಕ್ಕಾದರೋ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವ ನೀರೇ ಬೇಕು. ಬರಿಯ ಅಡಿಗೆ ಉಪ್ಪು ಸಾಲದು. ಬೇಸಗೆಯಲ್ಲಿ ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಆರಿದಷ್ಟು ನೀರಿಗೆ ಶುದ್ಧ ಸಿಹಿನೀರನ್ನೇ ಸೇರಿಸಬೇಕು. ಉಷ್ಣವಲಯದ ಅನೇಕ ಕಡಲ ಹೂಗಳ ಮೈಯಲ್ಲಿ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅವುಗಳಿಗೂ ಕೊಡುತ್ತದೆ. ಬೆಳಕು ಸಾಲದಿದ್ದರೆ ಅವು ಬಿಳಿಚಿಕೊಂಡು ಸೊರಗುತ್ತವೆ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಅವುಗಳಿಗೆ ವಿಷ.

ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ ಅವರು 1828ರಲ್ಲಿ ಕಡಲಿನಿಂದ ತಂದ ಹೂವೊಂದು 1887ರವರೆಗೆ ಬದುಕಿತ್ತು. ಅವರು 1851ರಲ್ಲೇ ತೀರಿಕೊಂಡರು. ಮುಂದೆ ಬೇರೆಯವರು ಅದನ್ನು ಜೋಪಾನ ಮಾಡಿದರು. ಸಾಕಿದವನಿಗಿಂತಲೂ ಹೆಚ್ಚು ಕಾಲ ಬಾಳಬಲ್ಲ ಜೀವವನ್ನು ನಾವು ನಾಲ್ಕು ದಿನದ ಆಟಿಕೆಯಾಗಿ ಕೊಳ್ಳಬಹುದೇ?

ಪೋಷಕರೇ, ಮಕ್ಕಳು ಕೇಳಿದೊಡನೆ ಕೊಡಿಸಬೇಡಿರಿ. ಮೊದಲು ಸಿಹಿನೀರಿನ ಮೀನುಗಳನ್ನು ಒಂದು ವರ್ಷ ಸಾಕಲಿ. ಅನಂತರ ಉಪ್ಪುನೀರಿನ ತೊಟ್ಟಿ ಹಲವು ತಿಂಗಳು ಹದಗೊಳ್ಳಲಿ. ಅಷ್ಟು ತಾಳ್ಮೆ ಇಲ್ಲವೆಂದಾದರೆ, ಕಡಲ ಹೂ ಕಡಲಲ್ಲೇ ಅರಳಿರಲಿ.