ಆಕಿ ಅಂವಗ ಯಾಕ ಮಾಫ್ ಮಾಡಿದ್ಲು?

ಪ್ರೇಮ ಕಾದಂಬರಿ ಓದಿ ಮುಗಿಸಿದ ಹದಿನೇಳರ ಹುಡುಗಿ ಮೊದಲು ಆಡುವ ಮಾತು ಶೈಲಿಯ ಬಗ್ಗೆ ಇರುವುದಿಲ್ಲ, ಕಥಾತಂತ್ರದ ಬಗ್ಗೆಯೂ ಇರುವುದಿಲ್ಲ. “ಅಂವಾ ಅಷ್ಟೆಲ್ಲಾ ಮಾಡಿದ ಮ್ಯಾಲೆ ಆಕಿ ಯಾಕ ಮಾಫ್ ಮಾಡಿದ್ಲು?” ಎನ್ನುತ್ತಾಳೆ. “ಕಡೀಕ ಹಿಂಗ ಮಾಡಬಾರದಿತ್ತು” ಎನ್ನುತ್ತಾಳೆ. ಮಿರಜ ಮತ್ತು ಸಾಂಗ್ಲಿಯ ಕನ್ನಡ ಮನೆಗಳಲ್ಲಿ ಈ ಮಾತಿನ ನಡುವೆ ಮರಾಠಿ ಸಲೀಸಾಗಿ ಸೇರಿಕೊಳ್ಳುತ್ತದೆ. ಕೈಯಲ್ಲಿರುವ ಪುಸ್ತಕ ಇಂಗ್ಲಿಷಿನದೋ ಮರಾಠಿಯದೋ ಆಗಿರುತ್ತದೆ. ಎಷ್ಟೋ ಸಲ ಪುಸ್ತಕವೇ ಇರುವುದಿಲ್ಲ, ಮೊಬೈಲಿನಲ್ಲಿ ದಿನಕ್ಕೊಂದು ಕಂತಿನಂತೆ ಬರುವ ಧಾರಾವಾಹಿ ಇರುತ್ತದೆ. ಕೇಳಿಸಿಕೊಂಡ ತಾಯಿ, “ಪರೀಕ್ಷೆ ಬಾಗಲಿಗೆ ಬಂದೈತಿ, ನಿನಗ ಅವರ ಚಿಂತಿ ಯಾಕ?” ಎಂದು ಮಾತು ಮುಗಿಸಿಬಿಡುತ್ತಾಳೆ.

ಈ ಮಾತನ್ನು ಮನೆಯವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಾಹಿತ್ಯ ವಿಮರ್ಶಕರೂ ಹಿಡಿಯುವುದಿಲ್ಲ. ಅಗ್ಗದ ಪುಸ್ತಕ, ಹಸಿ ವಯಸ್ಸು, ಭಾವಾವೇಶ ಎಂದು ಬದಿಗೆ ಸರಿಸುತ್ತಾರೆ. ನನಗೆ ಅನಿಸುವುದೇ ಬೇರೆ. ಇಂಥ ಕಾದಂಬರಿಗಳ ಓದಿನಿಂದ ಹುಟ್ಟುವುದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಹುಡುಗಿಯ ಈ ಮಾತಿನೊಳಗಿನ ಸಿಟ್ಟೇ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಈ ಕಾದಂಬರಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕು.

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಇಟ್ಟಿರುವ ಪುಸ್ತಕಗಳಲ್ಲಿ ಎರಡು ಜಾತಿಗಳಿವೆ. ಒಂದು, ಹದಿಹರೆಯದವರಿಗಾಗಿಯೇ ಬರೆದದ್ದು. ಅದರ ನಾಯಕ, ನಾಯಕಿ ಶಾಲೆಯಲ್ಲೋ ಕಾಲೇಜಿನ ಮೊದಲ ವರ್ಷದಲ್ಲೋ ಇರುತ್ತಾರೆ; ಪ್ರೀತಿಯ ಜೊತೆಗೆ ಗೆಳೆತನ, ಅಪ್ಪ-ಅವ್ವನ ಜಗಳ, ಸಾವು, ನಾನು ಯಾರು ಎಂಬ ಗೊಂದಲ ಎಲ್ಲವೂ ಇರುತ್ತವೆ. ಜಾನ್ ಗ್ರೀನ್ 2012ರಲ್ಲಿ ಬರೆದ ಕ್ಯಾನ್ಸರ್ ಪೀಡಿತ ಹುಡುಗ-ಹುಡುಗಿಯ ಕಥೆ ಈ ಜಾತಿಯದು. 2020ರಲ್ಲಿ ಹಿಂದಿಯ ‘ದಿಲ್ ಬೇಚಾರಾ’ ಆಗಿ ಬಂದದ್ದು ಅದೇ. ಇನ್ನೊಂದು, ದೊಡ್ಡವರಿಗಾಗಿ ಬರೆದ ಇಂದಿನ ಕಾಲದ ಪ್ರೇಮ ಕಾದಂಬರಿ. ಇದಕ್ಕೊಂದು ಕರಾರು ಇದೆ. ನಡುವೆ ಎಷ್ಟೇ ಅಡ್ಡಿ ಬರಲಿ, ಕೊನೆಗೆ ಇಬ್ಬರೂ ಒಂದಾಗಲೇಬೇಕು. ಓದುಗ ದುಡ್ಡು ಕೊಡುವುದೇ ಆ ಭರವಸೆಗೆ. ಹಾಗಾಗಿ “ಮುಂದೇನು ಎಂಬುದು ಗೊತ್ತೇ ಇರುತ್ತದಲ್ಲ, ಮತ್ತೇಕೆ ಓದುತ್ತೀರಿ?” ಎಂಬ ಆಕ್ಷೇಪ ಇಲ್ಲಿ ಸಲ್ಲುವುದಿಲ್ಲ. ಅವರು ಒಂದಾಗುವರೇ ಎಂಬುದು ಈ ಓದುಗರ ಪ್ರಶ್ನೆಯಲ್ಲ. ಒಂದಾಗಲು ಅವನು ಅರ್ಹನೇ, ತನ್ನನ್ನು ತಾನು ತಿದ್ದಿಕೊಂಡನೇ, ಅವಳು ತನ್ನ ಮಾನ ಕಳೆದುಕೊಳ್ಳದೆ ಒಪ್ಪಿದಳೇ ಎಂಬುದು ಪ್ರಶ್ನೆ. ಅಂತ್ಯ ಮೊದಲೇ ಗೊತ್ತಿರುವುದರಿಂದ ಓದುಗರ ಗಮನವೆಲ್ಲ ನ್ಯಾಯದ ಮೇಲೆ ಬೀಳುತ್ತದೆ.

ಇನ್ನೂ ಒಂದು ತಂತ್ರವಿದೆ. ಇಂದಿನ ಪ್ರೇಮ ಕಾದಂಬರಿಗಳಲ್ಲಿ ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ ಬರುವುದು ಬಹಳ ಸಾಮಾನ್ಯ. ಇಬ್ಬರ ಮನಸ್ಸೂ ಓದುಗರಿಗೆ ಗೊತ್ತು, ಅವರಿಗೆ ಮಾತ್ರ ಪರಸ್ಪರ ಗೊತ್ತಿಲ್ಲ. ಇದನ್ನು ಹೊಸದೆಂದು ತಿಳಿದವರು ಸಾಂಗ್ಲಿಯಲ್ಲೇ ಹುಟ್ಟಿದ ಲೇಖಕರೊಬ್ಬರನ್ನು ಮರೆತಿರುತ್ತಾರೆ. ವಿ. ಸ. ಖಾಂಡೇಕರ್ 1898ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿದರು, ಕೊಂಕಣದ ಶಿರೋಡೆಯಲ್ಲಿ ಶಾಲಾ ಮಾಸ್ತರರಾಗಿದ್ದರು, ಆಮೇಲೆ ಕೊಲ್ಹಾಪುರಕ್ಕೆ ಬಂದು ನೆಲೆಸಿದರು. 1959ರಲ್ಲಿ ಬಂದ ಅವರ ‘ಯಯಾತಿ’ಯಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ತಂತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1974ರ ಜ್ಞಾನಪೀಠವೂ ಖಾಂಡೇಕರರಿಗೆ ಸಂದಿತು. ವಿ. ಎಂ. ಇನಾಂದಾರ್ ಅದನ್ನು ಕನ್ನಡಕ್ಕೆ ತಂದದ್ದರಿಂದ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅದು ಕನ್ನಡದ ಪುಸ್ತಕವೇ ಆಗಿ ಉಳಿದಿದೆ.

ಮೂರು ಬಾಯಲ್ಲಿ ಹೇಳಿದ್ದರ ಪರಿಣಾಮ ಏನಾಯಿತು ಎಂಬುದನ್ನು ‘ಯಯಾತಿ’ ಓದಿದ ಇಬ್ಬರನ್ನು ಎದುರುಬದುರು ಕೂರಿಸಿದರೆ ಕಾಣಬಹುದು. ಪುರಾಣದಲ್ಲಿ ದೇವಯಾನಿ ಹಟಮಾರಿ, ಅಷ್ಟೇ. ಕಾದಂಬರಿಯಲ್ಲಿ ಅವಳಿಗೂ ಮಾತು ಸಿಕ್ಕಿದೆ. ಕಚನನ್ನು ಪ್ರೀತಿಸಿ ಸೋತವಳು, ಗಂಡನ ಪ್ರೀತಿ ಬೇರೊಬ್ಬಳ ಪಾಲಾದುದನ್ನು ಕಂಡವಳು, ತನ್ನ ಸಿಟ್ಟಿಗೆ ತಾನೇ ಕಾರಣ ಕೊಡುತ್ತಾಳೆ. ಲೇಖಕರ ಒಲವು ಶರ್ಮಿಷ್ಠೆಯ ಕಡೆಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ದೇವಯಾನಿಯ ಪಕ್ಷ ಹಿಡಿದು ವಾದಿಸುವ ಹೆಣ್ಣುಮಕ್ಕಳು ಪ್ರತಿ ತಲೆಮಾರಿನಲ್ಲೂ ಸಿಗುತ್ತಾರೆ. ಲೇಖಕ ಒಂದು ಕಡೆ ನಿಂತಾಗ ಓದುವವಳು ಇನ್ನೊಂದು ಕಡೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ಪುಸ್ತಕ ಹೇಳಿದ್ದನ್ನೆಲ್ಲ ಹುಡುಗಿಯರು ನಂಬಿಬಿಡುತ್ತಾರೆ ಎಂಬ ಹಿರಿಯರ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಖಾಂಡೇಕರರ ಕಾಲದಲ್ಲೇ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ನಾ. ಸೀ. ಫಡಕೆ ಕಾಲೇಜು ತರುಣ-ತರುಣಿಯರ ಪ್ರೇಮಕಥೆಗಳಿಂದ ಮಹಾರಾಷ್ಟ್ರವನ್ನೇ ಹುಚ್ಚೆಬ್ಬಿಸಿದ್ದರು. ‘ಜಾದೂಗಾರ’, ‘ದೌಲತ್’ ಓದದ ಕಾಲೇಜು ಹುಡುಗರು ಆಗ ಅಪರೂಪ. ಓದುಗರಿಗೆ ಆನಂದ ಕೊಡುವುದಷ್ಟೇ ಕಲೆಯ ಕೆಲಸ ಎಂದು ಫಡಕೆ, ಬದುಕಿಗೆ ದಾರಿ ತೋರದ ಕಲೆ ಯಾತಕ್ಕೆ ಎಂದು ಖಾಂಡೇಕರ್. ಈ ವಾದ ಮರಾಠಿಯಲ್ಲಿ ವರ್ಷಗಟ್ಟಲೆ ನಡೆಯಿತು. ಇಬ್ಬರೂ ಕಾದಂಬರಿಕಾರನ ಕರ್ತವ್ಯದ ಬಗ್ಗೆಯೇ ಮಾತಾಡಿದರು. ಓದುವವಳು ಆ ಪುಸ್ತಕದಿಂದ ಏನು ಮಾಡಿಕೊಳ್ಳುತ್ತಾಳೆ ಎಂದು ಯಾರಾದರೂ ಹೋಗಿ ಅವಳನ್ನೇ ಕೇಳಬೇಕಾಗಿತ್ತು.

ಕೇಳಿದ್ದು ಬಹಳ ಕಾಲದ ಮೇಲೆ, ಬಹಳ ದೂರದಲ್ಲಿ. ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ ಒಂದು ಊರಿನ ಪ್ರೇಮ ಕಾದಂಬರಿ ಓದುವ ಹೆಂಗಸರ ಜೊತೆ ಕುಳಿತು ಮಾತಾಡಿ, 1984ರಲ್ಲಿ ಪುಸ್ತಕ ಬರೆದರು. ಅವರಿಗೆ ಸಿಕ್ಕ ಉತ್ತರ ಪ್ರೀತಿಯ ಬಗ್ಗೆ ಇರಲಿಲ್ಲ, ಹೊತ್ತಿನ ಬಗ್ಗೆ ಇತ್ತು. ದಿನವಿಡೀ ಗಂಡ-ಮಕ್ಕಳ ಚಾಕರಿ. ಪುಸ್ತಕ ಹಿಡಿದು ಕೂತಷ್ಟು ಹೊತ್ತು ಮಾತ್ರ ನನ್ನದು ಎಂದರು ಆ ಹೆಂಗಸರು. ಹೆಣ್ಣನ್ನು ಹಿಂಸಿಸುವ ನಾಯಕನಿದ್ದ ಪುಸ್ತಕಗಳನ್ನು ಅವರು ತಿರಸ್ಕರಿಸುತ್ತಿದ್ದರು. ಮೋಸ ಹೋಗಬಾರದೆಂದು ಕೊನೆಯ ಪುಟ ಮೊದಲೇ ನೋಡಿಕೊಳ್ಳುವವರೂ ಇದ್ದರು. ತೊಂಬತ್ತರ ದಶಕದಲ್ಲಿ ರಾಧಿಕಾ ಪರಮೇಶ್ವರನ್ ಹೈದರಾಬಾದಿನ ಕಾಲೇಜು ಯುವತಿಯರು ಮಿಲ್ಸ್ ಆ್ಯಂಡ್ ಬೂನ್ ಓದುವುದರ ಬಗ್ಗೆ ಇಂಥದೇ ಅಧ್ಯಯನ ಮಾಡಿದರು. ಮನೆಯಲ್ಲಿ ಎತ್ತಲಾಗದ ಮದುವೆ, ದೇಹ, ಇಷ್ಟ-ಅನಿಷ್ಟದ ಮಾತನ್ನು ಗೆಳತಿಯರ ನಡುವೆ ಎತ್ತಲು ಆ ಪುಸ್ತಕಗಳು ಅವರಿಗೆ ನೆಪವಾಗಿದ್ದವು.

ಮಿರಜದ ಹುಡುಗಿಯ ಪ್ರಶ್ನೆಗೂ ಇದೇ ಅರ್ಥ. “ಆಕಿ ಯಾಕ ಮಾಫ್ ಮಾಡಿದ್ಲು?” ಎಂದು ಅವಳು ಕೇಳುವಾಗ ಪುಸ್ತಕದ ನಾಯಕಿಯ ಹೆಸರು ಹಿಡಿದು ಅತ್ತಿಗೆಯ ಬಗ್ಗೆ ಕೇಳುತ್ತಿರಬಹುದು, ಅವ್ವನ ಬಗ್ಗೆಯೇ ಕೇಳುತ್ತಿರಬಹುದು. ನೇರವಾಗಿ ಕೇಳಲಾಗದ್ದನ್ನು ಪಾತ್ರದ ಮೂಲಕ ಕೇಳಲು ಆಗುತ್ತದೆ. ತಾಯಿ ಅಲ್ಲಿಗೇ ಬಾಯಿ ಮುಚ್ಚಿಸಿದರೆ ಮುಚ್ಚಿಹೋಗುವುದು ಕಾದಂಬರಿಯ ಮಾತೊಂದೇ ಅಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ದಿಟ್ಟವಾಗಿ ಎದುರಿಸಿದವರು ತ್ರಿವೇಣಿ. ‘ಬೆಳ್ಳಿಮೋಡ’ದ ಇಂದಿರೆಯನ್ನು ಮದುವೆಯಾಗಲು ಒಪ್ಪಿದ್ದ ಮೋಹನ, ಆಸ್ತಿ ಅವಳ ಪಾಲಿಗೆ ಬರುವುದಿಲ್ಲ ಎಂದಾದಾಗ ಹಿಂದೆ ಸರಿಯುತ್ತಾನೆ. ಮುಂದೆ ಅವನು ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಅವಳ ಮನಸ್ಸು ತಿರುಗುವುದಿಲ್ಲ. ಪುಟ್ಟಣ್ಣ ಕಣಗಾಲರು 1967ರಲ್ಲಿ ಅದನ್ನು ತೆರೆಗೆ ತಂದಾಗಲೂ ಆ ನಿರಾಕರಣೆಯನ್ನು ಮೆದುಗೊಳಿಸಲಿಲ್ಲ. ಪ್ರೇಮಕಥೆಯ ಕರಾರು ಮುರಿದ ಕಥೆ ಅದು. ಆದರೂ ಅದನ್ನು ಓದಿದ, ನೋಡಿದ ಹೆಂಗಸರು ಮೋಸ ಹೋದೆವೆಂದು ಅನ್ನಲಿಲ್ಲ, ತಲೆಯ ಮೇಲೆ ಹೊತ್ತು ಮೆರೆಸಿದರು. ಇಬ್ಬರು ಒಂದಾಗುವುದಕ್ಕಿಂತ ನ್ಯಾಯ ಸಿಗುವುದನ್ನೇ ಓದುಗರು ಹೆಚ್ಚು ಬಯಸುತ್ತಾರೆ ಎನ್ನಲು ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಈಗಿನ ತಲೆಮಾರಿನಲ್ಲೂ ಅದು ಹಾಗೆಯೇ ಇದೆ. ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಕಾಲೇಜು ಹುಡುಗಿಯರ ಚೀಲಗಳಲ್ಲಿ ಎಲ್ಲೆಲ್ಲೂ ಕಾಣುವ ಪುಸ್ತಕ. ಅದರ ನಾಯಕಿ ಲಿಲಿ ಹೂವಿನ ಅಂಗಡಿ ಇಟ್ಟುಕೊಂಡವಳು. ಪ್ರೀತಿಸಿ ಮದುವೆಯಾದ ಡಾಕ್ಟರ್ ಗಂಡ ಅವಳ ಮೇಲೆ ಕೈಮಾಡುತ್ತಾನೆ. ಮಗಳು ಹುಟ್ಟಿದ ದಿನ ಅವಳು ಅವನನ್ನು ಬಿಡುವ ನಿರ್ಧಾರ ಮಾಡುತ್ತಾಳೆ. 2023ರ ಆರಂಭದಲ್ಲಿ ಪ್ರಕಾಶಕರು ಈ ಕಥೆಯ ಆಧಾರದ ಮೇಲೆ ಬಣ್ಣ ತುಂಬುವ ಪುಸ್ತಕ ತರಲು ಹೊರಟರು. ಹೊಡೆತ ತಿಂದ ಹೆಣ್ಣಿನ ಕಥೆಗೆ ಬಣ್ಣ ತುಂಬುವುದೇ ಎಂದು ಓದುಗರೇ ತಿರುಗಿಬಿದ್ದರು. ಲೇಖಕಿ ಕ್ಷಮೆ ಕೇಳಿದರು, ಪುಸ್ತಕ ಬರಲಿಲ್ಲ. ತಡೆದವರಲ್ಲಿ ಅದೇ ಲೇಖಕಿಯ ಅಭಿಮಾನಿಗಳೂ ಇದ್ದರು.

ಹಾಗೆಂದು ಎಲ್ಲ ಪ್ರೇಮ ಕಾದಂಬರಿಗಳೂ ನಿರಪಾಯ ಎಂದು ನಾನು ಹೇಳಲಾರೆ. ಹುಡುಗಿಯ ಫೋನು ಕಸಿದು ನೋಡುವುದನ್ನು, ಅವಳು ಯಾರೊಂದಿಗೆ ಮಾತಾಡಬೇಕೆಂದು ತಾನೇ ನಿರ್ಧರಿಸುವುದನ್ನು ಪ್ರೀತಿಯ ಆಳ ಎಂದು ಬಣ್ಣಿಸುವ ಕಥೆಗಳು ರಾಶಿ ರಾಶಿ ಇವೆ. ಸಿರಿವಂತ, ಸಿಡುಕ, ಮಾತಾಡದ ನಾಯಕ. ಅವನ ಒರಟುತನದ ಹಿಂದೆ ಗಾಯವಿದೆ, ಅದನ್ನು ಮಾಯಿಸುವುದು ಅವಳ ಹೊಣೆ. ಈ ಅಚ್ಚು ಮೊಬೈಲ್ ಕಂತುಗಳಲ್ಲಿ ತೀರಾ ಸವೆದುಹೋಗಿದೆ. ಇನ್ನೊಂದು ಅಪಾಯ ಮುಖಪುಟದ್ದು, ಅದನ್ನು ತಾಯಿ-ತಂದೆಯರು ತಿಳಿದಿರಲೇಬೇಕು. ದೊಡ್ಡವರಿಗಾಗಿ ಬರೆದ, ಹಾಸಿಗೆಯ ವರ್ಣನೆಯನ್ನು ಬಿಚ್ಚಿಟ್ಟು ಬರೆದ ಕಾದಂಬರಿಗಳಿಗೂ ಈಗ ತಿಳಿಬಣ್ಣದ, ಕಾರ್ಟೂನಿನಂಥ ಮುಖಪುಟ ಹಾಕುತ್ತಾರೆ. ಚಿತ್ರ ನೋಡಿ ಮಕ್ಕಳ ಪುಸ್ತಕವೆಂದು ಕೊಡಿಸಿಬಿಡುವವರು ಇದ್ದಾರೆ. ಹದಿಮೂರರ ಮಗಳಿಗೆ ಕೊಡುವ ಮೊದಲು ನಾಯಕಿಯ ವಯಸ್ಸು ಎಷ್ಟೆಂದು ಬೆನ್ನುಪುಟದಲ್ಲಿ ನೋಡಿ. ನಡುವಿನ ನಾಲ್ಕು ಪುಟ ಓದಿ ನೋಡಿ. ಅಷ್ಟು ಮಾಡಿದರೆ ಬಹಳ ಮಟ್ಟಿಗೆ ಗೊತ್ತಾಗುತ್ತದೆ.

ಪುಸ್ತಕ ಕಸಿದುಕೊಳ್ಳುವ ದಾರಿ ಮಾತ್ರ ಯಾವ ಕಾಲದಲ್ಲೂ ಫಲಿಸಿಲ್ಲ. ಗಯಟೆಯ ಪ್ರೇಮ ಕಾದಂಬರಿಯನ್ನು 1775ರಲ್ಲಿ ಲೈಪ್ಜಿಗ್ ನಗರ ನಿಷೇಧಿಸಿತು, ನಾಯಕನಂಥ ಉಡುಪನ್ನೂ ನಿಷೇಧಿಸಿತು. ಪುಸ್ತಕ ಯುರೋಪನ್ನೆಲ್ಲ ಸುತ್ತಿ ಬಂತು. ಅನಕೃ ಅವರ ‘ನಗ್ನಸತ್ಯ’, ‘ಸಂಜೆಗತ್ತಲು’ ಅಶ್ಲೀಲವೆಂದು ಕೂಗೆದ್ದಾಗ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಓದುಗರು ಎರಡನ್ನೂ ಓದಿದರು.

ನನಗೆ ಹೆಚ್ಚು ನೋವಾಗುವುದು ಬೇರೆ ಕಾರಣಕ್ಕೆ. ಈ ಭಾಗದ ಮರಾಠಿ ಹುಡುಗನಿಗೆ ತನ್ನ ವಯಸ್ಸಿನ ಪ್ರೀತಿಯನ್ನು ತನ್ನ ಭಾಷೆಯಲ್ಲಿ ಓದಲು ಸಿಗುತ್ತದೆ. ಮಿಲಿಂದ ಬೋಕಿಲ್ ಅವರ ‘ಶಾಳಾ’ ಇದೆ: ತುರ್ತು ಪರಿಸ್ಥಿತಿಯ ದಿನಗಳು, ಒಂಬತ್ತನೇ ಇಯತ್ತೆಯ ಜೋಶಿ, ಅವನು ಅಡ್ಡಹೆಸರಿನಿಂದಲೇ ಕರೆಯುವ ಶಿರೋಡ್ಕರ್. ಸುಹಾಸ ಶಿರವಳಕರ್ ಅವರ ‘ದುನಿಯಾದಾರಿ’ ಇದೆ. 2013ರಲ್ಲಿ ಸಿನಿಮಾ ಬಂದ ಮೇಲೆ ಹೊಸ ತಲೆಮಾರು ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಸಾಂಗ್ಲಿಗೋ ಮಿರಜಕ್ಕೋ ಕಾಲೇಜಿಗೆ ಬಂದ ಹುಡುಗಿಗೆ ಹಾಗೆ ಕೈಗೆ ಕೊಡಲು ಕನ್ನಡದ್ದು ಯಾವುದಿದೆ? ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ನೆನಪಿಗೆ ಬರುತ್ತದೆ. ಕೊಲ್ಹಾಪುರದಲ್ಲಿ ಇಂಗ್ಲಿಷ್ ಕಲಿಸಿದ ಅವರು ತರುಣ ಮನಸ್ಸಿನ ತಳಮಳವನ್ನು ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಅದು ಇವಳ ಅಜ್ಜನ ಯೌವನದ ಕಥೆ. ಗೋಕಾಕದ ಕೃಷ್ಣಮೂರ್ತಿ ಪುರಾಣಿಕರ ಮನೆವಾರ್ತೆಯ ಕಾದಂಬರಿಗಳು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಾವು, ಸಾಯಿಸುತೆಯವರವು ಅವ್ವನ ಕಪಾಟಿನಲ್ಲಿ.

ಸಾಂಗ್ಲಿಗೆ ಕನ್ನಡದ ಋಣ ಕಡಿಮೆಯದಲ್ಲ. ಸಾಂಗ್ಲಿ-ಮಿರಜದ ನಡುವಿನ ವಿಲಿಂಗ್ಡನ್ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದರು, ರಂ. ಶ್ರೀ. ಮುಗಳಿಯವರು ದಶಕಗಳ ಕಾಲ ಅಲ್ಲಿ ಕನ್ನಡ ಕಲಿಸಿದರು. ಇಬ್ಬರೂ ಕಾದಂಬರಿಗಳನ್ನೂ ಬರೆದವರೇ. ಓದಿದ ಹುಡುಗ-ಹುಡುಗಿಯರ ಮದುವೆ, ಹೊಂದಾಣಿಕೆ ಗೋಕಾಕರ ‘ಸಮರಸವೇ ಜೀವನ’ದ ವಸ್ತುವೇ ಆಗಿತ್ತು. ಅಂಥ ನೆಲದಲ್ಲಿ ಹದಿನೇಳರ ಕನ್ನಡ ಓದುಗರಿಗಾಗಿ ಈಗ ಬರೆಯುವವರು ಬೇಕು. ಮಿರಜ ಜಂಕ್ಷನ್ನಿನ ಪ್ಲಾಟ್‌ಫಾರಂ, ಶೇಡಬಾಳ-ಕುಡಚಿ ಕಡೆಯ ಪ್ಯಾಸೆಂಜರ್, ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಮರಾಠಿ, ಗೆಳೆಯನಿಗೆ ಕಳಿಸುವ ಮೆಸೇಜಿನಲ್ಲಿ ಎರಡೂ ಕೂಡಿದ ಮಾತು, 2019ರ ಆಗಸ್ಟಿನಲ್ಲಿ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿ ಊರೊಳಗೆ ನುಗ್ಗಿದಾಗ ಬೇರೆ ಬೇರೆ ನಿರಾಶ್ರಿತ ಶಿಬಿರಗಳಿಗೆ ಹೋದ ಇಬ್ಬರು. ಇಷ್ಟು ಸಾಮಗ್ರಿ ಇಟ್ಟುಕೊಂಡು ಗಡಿಯ ಕನ್ನಡ ಸುಮ್ಮನೆ ಕುಳಿತಿದೆ. ಬರೆಯುವವರು ಮುಂದೆ ಬಂದರೆ ಹಸ್ತಪ್ರತಿಯನ್ನು ಮೊದಲು ವಿಮರ್ಶಕರಿಗೆ ಕಳಿಸುವುದು ಬೇಡ, ಇಲ್ಲಿನ ಕಾಲೇಜು ಹುಡುಗಿಯರ ಕೈಗೆ ಕೊಡಲಿ. ನಾಯಕನ ಯಾವ ಮಾತು ಸುಳ್ಳು, ಅವಳು ಯಾವ ಪುಟದಲ್ಲಿ ಎದ್ದು ಹೋಗಬೇಕಾಗಿತ್ತು ಎಂಬುದನ್ನು ಅವರು ಪೆನ್ಸಿಲಿನಲ್ಲಿ ಅಂಚಿನಲ್ಲೇ ಬರೆದು ಕೊಡುತ್ತಾರೆ.