ಸಂಜೆ ಹೊಡೆದ ಔಷಧ ಯಾರಿಗೆ ತಗಲುತ್ತದೆ?

ಜೇನು ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ತ್ಯಾಗ ಮಾಡಿದ ಜೇನುತುಪ್ಪ. ಆದರೆ ಜಗತ್ತಿನ 20,000ಕ್ಕೂ ಹೆಚ್ಚು ಜೇನುಜಾತಿಗಳಲ್ಲಿ ಬಹುಪಾಲು ತುಪ್ಪ ಕೂಡಿಡುವುದೇ ಇಲ್ಲ, ಗುಂಪಾಗಿ ಬಾಳುವುದೂ ಇಲ್ಲ. ಬದನೆ ಹೂವನ್ನು ಗುಂಯ್‌ಗುಟ್ಟಿ ಅಲುಗಿಸಿ ಪರಾಗ ಉದುರಿಸುವ ನೀಲಿಪಟ್ಟೆ ಜೇನು, ಒಣಮರ ಕೊರೆಯುವ ಕಪ್ಪು ದುಂಬಿ, ತೊಗರಿ ಹೂವಿಗೆ ಬರುವ ಎಲೆಕತ್ತರಿ ಜೇನು ಈ ಒಂಟಿ ಬಳಗದವು. ಬದನೆ ಹೂವನ್ನು ಹಾಗೆ ಅಲುಗಿಸುವ ಕೆಲಸ ತುಪ್ಪದ ಜೇನಿಗೆ ಬರುವುದಿಲ್ಲ. ಬೆಳಗಾವಿ ಸುತ್ತಲಿನ ತರಕಾರಿ ಹೊಲಗಳಿಗೂ ಖಾನಾಪುರದ ಕಾಡಂಚಿನ ಜಮೀನುಗಳಿಗೂ ಈ ಮಾತು ಸಣ್ಣದಲ್ಲ.

ಗೂಡಿನ ಜೇನಿನಲ್ಲಿ ನೂರು ಕೆಲಸಗಾರ ನೊಣ ಸತ್ತರೂ ರಾಣಿ ಮತ್ತೆ ಮೊಟ್ಟೆಯಿಡುತ್ತಾಳೆ. ಒಂಟಿ ಜೇನಿನಲ್ಲಿ ತಾಯಿ ಒಬ್ಬಳೇ. ಪರಾಗ, ಮಕರಂದ ಕಲಸಿ ಉಂಡೆ ಮಾಡಿ, ಅದರ ಮೇಲೊಂದು ಮೊಟ್ಟೆಯಿಟ್ಟು ಕೋಣೆ ಮುಚ್ಚುತ್ತಾಳೆ. ಅವಳು ಸತ್ತರೆ ಗೂಡು ಅಲ್ಲಿಗೇ ನಿಂತಿತು. ಉಂಡೆಯಲ್ಲಿ ವಿಷವಿದ್ದರೆ ಮರಿಗೆ ಬೇರೆ ಅನ್ನವಿಲ್ಲ.

ಗಂಡಿನ ಪಾಡು ಬೇರೆ. ಅದು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ, ವರ್ಣತಂತುಗಳು ಹೆಣ್ಣಿನಲ್ಲಿರುವುದರ ಅರ್ಧದಷ್ಟೇ, ಅನೇಕ ಜಾತಿಗಳಲ್ಲಿ ಮೈಯೂ ಸಣ್ಣದು. ಒಂದೇ ವಿಷಕ್ಕೆ ಗಂಡು, ಹೆಣ್ಣು, ಎಳೆಯದು, ಮುಪ್ಪಾದದ್ದು ಒಂದೇ ಬಗೆಯಲ್ಲಿ ತಾಳುವುದಿಲ್ಲ. ಯಾವುದು ಹೆಚ್ಚು ತಾಳುತ್ತದೆ ಎಂಬುದೂ ವಿಷದಿಂದ ವಿಷಕ್ಕೆ ಬದಲಾಗುತ್ತದೆ. ಆದರೆ ಸುರಕ್ಷತೆಯ ಪರೀಕ್ಷೆ ನಡೆಯುವುದು ಮುಖ್ಯವಾಗಿ ತುಪ್ಪದ ಜೇನಿನ ಕೆಲಸಗಾರ ನೊಣಗಳ ಮೇಲೆ, ಅಂದರೆ ಹೆಣ್ಣುಗಳ ಮೇಲೆ.

ರೈತರಿಗೆ ಸಿಗುವ ಸಲಹೆಯೂ ಅದೇ ಅಳತೆಯದು: ಜೇನು ಗೂಡು ಸೇರಿದ ಮೇಲೆ, ಸಂಜೆ ಔಷಧ ಹೊಡೆಯಿರಿ. ತುಪ್ಪದ ಜೇನಿನ ಮಟ್ಟಿಗೆ ಒಳ್ಳೆಯ ಸಲಹೆ. ಆದರೆ ನೀಲಿಪಟ್ಟೆ ಜೇನಿನ ಗಂಡುಗಳಿಗೆ ಹೋಗಿ ಮಲಗಲು ಗೂಡೇ ಇಲ್ಲ. ಹೊತ್ತು ಮುಳುಗುವಾಗ ಅವು ಹುಲ್ಲುಕಡ್ಡಿ, ಒಣದಂಟುಗಳಿಗೆ ದವಡೆ ಕಚ್ಚಿ ಸಾಲಾಗಿ ನಿದ್ದೆಹೋಗುತ್ತವೆ. ಬದುವಿನ ಕಳೆಗೂ ಪಂಪು ತಿರುಗಿಸಿದರೆ ಮಲಗಿದಲ್ಲೇ ತೊಯ್ಯುತ್ತವೆ.

ಡಬ್ಬಿಯ ಮೇಲಿನ ತ್ರಿಕೋನವನ್ನೂ ನಂಬುವಂತಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಇಲಿಯಂಥ ಪ್ರಾಣಿಗಳಿಗೆ ಎಷ್ಟು ವಿಷ ಎಂಬ ಲೆಕ್ಕದವು, ಹುಳುವಿನ ಲೆಕ್ಕದವಲ್ಲ. ಬದನೆಗೆ ಬಳಸುವ ಥಯಾಮೆಥಾಕ್ಸಾಮ್‌ಗೆ ನೀಲಿ ತ್ರಿಕೋನ, ಜೇನಿಗೆ ಅದು ಅತಿ ಘೋರ. ಅದನ್ನೂ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್‌ಗಳನ್ನೂ ಬಯಲು ಹೊಲದಲ್ಲಿ ಬಳಸುವುದನ್ನು ಐರೋಪ್ಯ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಅಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ 2013ರ ಮಾರ್ಗಸೂಚಿಯಲ್ಲೇ ಒಂಟಿ ಜೇನನ್ನು ಪ್ರತ್ಯೇಕವಾಗಿ ಗಣನೆಗೆ ತಂದಿತ್ತು. ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆ 2020ರಲ್ಲಿ ರಾಜ್ಯಸಭೆಗೆ ಬಂದಿತು. ಕಾನೂನು ಬದಲಾಗುವಾಗ ನಮ್ಮ ಸಮಾಜ ಎತ್ತಬೇಕಾದ ಬೇಡಿಕೆ ಇದು: ಪರೀಕ್ಷೆಯ ಪಟ್ಟಿಗೆ ಒಂಟಿ ಜೇನೂ ಸೇರಲಿ, ಗಂಡು, ಮರಿಗಳೂ ಸೇರಲಿ.

ತತ್ತ್ವಾರ್ಥಸೂತ್ರ ಚತುರಿಂದ್ರಿಯ ಜೀವಕ್ಕೆ ಉದಾಹರಣೆಯಾಗಿ ಹೆಸರಿಸುವುದು ಭ್ರಮರವನ್ನೇ. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಒಕ್ಕಲುತನದವರು ಬಹಳ. ಉಳುಮೆಯಲ್ಲಿ ಉದ್ಯೋಗಿ ಹಿಂಸೆ ತಪ್ಪದು, ನಿಜ, ಆದರೆ ಬೇಡದ ಹಿಂಸೆಗೆ ಆ ಹೆಸರು ಹೊಂದದು. ಹೂಬಿಟ್ಟ ಬೆಳೆಗೆ ಔಷಧ ಬೇಡ. ಹುಳು ಕಾಣುವ ಮೊದಲೇ ರೂಢಿಗೆಂದು ಹೊಡೆಯುವುದೂ ಬೇಡ. ಬದುವಿನ ಒಣದಂಟು, ಗಟ್ಟಿ ಮಣ್ಣಿನ ದಿಬ್ಬ, ಹಳೆಯ ಒಣಮರ ಇದ್ದಲ್ಲೇ ಇರಲಿ. ಪಂಪು ಹೊತ್ತವರಿಗೆ ಬದುವಿನ ಕಡೆ ತಿರುಗಿಸಬೇಡಿ ಎಂದು ಮೊದಲೇ ಹೇಳಿಡಿ.