ಮಳೆಗೆ ಮುನ್ನ ಡಿಶ್ ಸರಿಪಡಿಸಿರಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ನಮಗೆ ಮನೆಮಾತು. ಮಕ್ಕಳ ಶಾಲೆಯ ಮಾತು ಬೇರೆ. ನಾಡಿನ ಕನ್ನಡ ಅವರ ಕಿವಿಗೆ ಬೀಳಲು ದೂರದರ್ಶನದ ಚಂದನ ವಾಹಿನಿ ಆಸರೆ. ಅಕ್ಟೋಬರಿನಲ್ಲಿ ಹಿಂಗಾರು ಹಿಡಿದೊಡನೆ ಅದೂ ಕಡಿಯುತ್ತದೆ. ಮಳೆಯನ್ನು ಬೈದು ಸುಮ್ಮನಿರುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಡಿಶ್ಶಿಗೆ ಬರುವ ಅಲೆ ಸುಮಾರು ಒಂದಂಗುಲ ಉದ್ದದ್ದು. ಮಳೆಹನಿ ಅದನ್ನು ಹೀರುತ್ತದೆ, ಚದುರಿಸುತ್ತದೆ. ಬಿಸಿಲಿನಲ್ಲಿ ಚಿತ್ರ ಬಂದರೆ ಸಾಕೆಂದು ಬಿಟ್ಟ ಡಿಶ್ಶಿನಲ್ಲಿ, ಮಳೆಯ ಪಾಲು ಹೋಗಿ ಉಳಿಯುವಷ್ಟು ಬಲವಿರದು. ಬೇಸಿಗೆಗೆ ಕೆರೆ ತುಂಬಿಸಿಡುವಂತೆ, ಆ ಬಲವನ್ನು ತಿಳಿ ಆಕಾಶವಿರುವಾಗಲೇ ಕೂಡಿಡತಕ್ಕದ್ದು.

ಸರ್ಕಾರದ ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ ನಮಗೆ ಆಗ್ನೇಯಕ್ಕೆ, ಬಹಳ ಎತ್ತರದಲ್ಲಿದೆ. ಅಡ್ಡ ಬರುವ ತೆಂಗಿನ ಗರಿ ಸವರಿರಿ. ಪರದೆಯ ‘ಕ್ವಾಲಿಟಿ’ ಗೀಟನ್ನು ನೋಡುತ್ತ ಡಿಶ್ಶನ್ನು ಕೂದಲೆಳೆಯಷ್ಟೇ ತಿರುಗಿಸಿ, ಗೀಟು ಅತಿ ಹೆಚ್ಚಾದಲ್ಲಿ ಬೋಲ್ಟ್ ಬಿಗಿಯಿರಿ. ಕೇಬಲ್ಲಿನ ಕೂಡಿಕೆಗೆ ನೀರಿಳಿಯದಂತೆ ರಬ್ಬರ್ ಟೇಪು ಸುತ್ತಿರಿ. 60 ಸೆಂ.ಮೀ. ಬದಲು 90 ಸೆಂ.ಮೀ. ಅಗಲದ ಡಿಶ್ ಎರಡು ಪಟ್ಟಿಗೂ ಹೆಚ್ಚು ಅಲೆ ಹಿಡಿಯುತ್ತದೆ.

ಗುಡುಗಿನ ಜಡಿಮಳೆಗೆ ಮಾತ್ರ ಯಾವ ಉಪಾಯವೂ ನಿಲ್ಲದು. ಆಗ ತಾರಸಿ ಹತ್ತಬೇಡಿರಿ. ಪ್ಲಗ್ಗು ಕಿತ್ತು, ಮಕ್ಕಳಿಗೆ ನಾವೇ ಒಂದು ಕನ್ನಡ ಕಥೆ ಹೇಳೋಣ.